ಅಪ್ಪನ ರೇಡಿಯೋ, ಅಮ್ಮನ ಸ್ಟೇಷನ್ನು

ದಾವಣಗೆರೆಯ ನಮ್ಮ ಹಳೇ ಮನೆ ಖಾಲಿ ಮಾಡುವಾಗ ಅಟ್ಟದಿಂದ ಇಳಿದದ್ದು ಎರಡು ಹಿತ್ತಾಳೆ ಹಂಡೆ, ಒಂದು ತೊಟ್ಟಿಲು, ಮತ್ತೆ ಅಪ್ಪನ ಮರ್ಫಿ ರೇಡಿಯೋ. ಹಂಡೆ ತಮ್ಮನಿಗೆ, ತೊಟ್ಟಿಲು ತಂಗಿಗೆ ಅಂತಾಯಿತು. ರೇಡಿಯೋ ಯಾರಿಗೂ ಬೇಡ. "ಗುಜರಿಗೆ ಹಾಕಕ್ಕಾ. ಇಲ್ಲಾಂದ್ರೆ ಒಳಗಿಂದೆಲ್ಲ ಕಿತ್ತು ಬ್ಲೂಟೂತ್ ಸ್ಪೀಕರ್ ಕೂರಿಸಿ ಶೋಗೆ ಇಡ್ತಾರಂತೆ" ಅಂದ ತಮ್ಮ. ನನಗೂ ಅದರ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ ಸಿಟ್ಟಿತ್ತು.

ಅಪ್ಪ ಮಿಲ್ಲಿನಲ್ಲಿ ಗುಮಾಸ್ತರು. 1961ರಲ್ಲಿ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು ಕೊಟ್ಟು ಇದನ್ನು ತಂದರು. ಅಮೆರಿಕದಲ್ಲಿ ಮೂವತ್ತರ ದಶಕದಲ್ಲೇ ಬೀರುವಿನ ಹಾಗೆ ನೆಲದ ಮೇಲೆ ನಿಲ್ಲುವ ಕನ್ಸೋಲ್ ರೇಡಿಯೋಗಳಿದ್ದವು. 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಭಾಷಣ ಮಾಡಿದರೆ ಮನೆಮಂದಿಯೆಲ್ಲ ಅದರ ಸುತ್ತ ಕೂರುತ್ತಿದ್ದರು. ನಮ್ಮಲ್ಲಿ ಆ ಥರದ ರೇಡಿಯೋಗ್ರಾಮ್ ಸಾಹುಕಾರರ ಮನೆಯಲ್ಲಿ ಮಾತ್ರ. ಗುಮಾಸ್ತರ ಮನೆಯಲ್ಲಿ ಮೇಜಿನ ಮೇಲಿನ ಪೆಟ್ಟಿಗೆಯೇ ದೊಡ್ಡಸ್ತಿಕೆ. ಅದಕ್ಕೆ ಅಮ್ಮ ಕಸೂತಿ ಹಾಕಿದ ಬಟ್ಟೆ, ಗೋಡೆಯಿಂದ ಗೋಡೆಗೆ ಪಟ್ಟಿಯಂಥ ಜಾಲರಿ ಏರಿಯಲ್. ವರ್ಷಕ್ಕೆ 15 ರೂಪಾಯಿ ಲೈಸೆನ್ಸು ಬೇರೆ. ಅಂಚೆ ಕಚೇರಿಗೆ ಹೋಗಿ ಪುಸ್ತಕದಲ್ಲಿ ಸ್ಟ್ಯಾಂಪು ಹಚ್ಚಿಸಿಕೊಂಡು ಬರಬೇಕಿತ್ತು.

ಈಗಿನ ಮಕ್ಕಳಿಗೆ ವಾಲ್ವ್ ಅಂದರೆ ಗೊತ್ತಾಗುವುದಿಲ್ಲ. ಸಣ್ಣ ಗಾಜಿನ ಬುರುಡೆ, ಒಳಗೆ ಗಾಳಿ ಇಲ್ಲ. ಬಲ್ಬಿನ ಹಾಗೆ ಒಳಗಿನ ತಂತಿ ಕಾದ ಮೇಲೇ ಅದು ಕೆಲಸ ಶುರು ಮಾಡುವುದು. ಹಾಗಾಗಿ ಗುಂಡಿ ತಿರುಗಿಸಿದ ಕೂಡಲೇ ಸದ್ದು ಬರುತ್ತಿರಲಿಲ್ಲ. ಅಮ್ಮ ಎಣ್ಣೆ ಒಲೆಯ ಮೇಲಿಟ್ಟು ಬಂದು ರೇಡಿಯೋ ಹಾಕಿದರೆ, ಸಾಸಿವೆ ಸಿಡಿಯುವಷ್ಟರಲ್ಲಿ ಅದು ಮಾತಾಡುತ್ತಿತ್ತು. ಮುಂದುಗಡೆ ಹಸಿರು ಬೆಳಕಿನ ಕಣ್ಣೊಂದಿತ್ತು, ಮ್ಯಾಜಿಕ್ ಐ ಅಂತ. ಸ್ಟೇಷನ್ನು ಸರಿಯಾಗಿ ಸಿಕ್ಕರೆ ಆ ಕಣ್ಣು ಕೂಡಿಕೊಳ್ಳುತ್ತಿತ್ತು. ನಾವು ಅದನ್ನು ಬೆಕ್ಕಿನ ಕಣ್ಣು ಅಂತಿದ್ದೆವು.

ವಾಲ್ವಿನ ಇನ್ನೊಂದು ಗುಣ, ಕಾವು. ಒಂದು ಗಂಟೆ ಹಾಡಿದರೆ ಪೆಟ್ಟಿಗೆಯ ನೆತ್ತಿ ಬಿಸಿಯಾಗಿಬಿಡುತ್ತಿತ್ತು. ನನ್ನ ಸಿಟ್ಟಿನ ಮೂಲ ಇದೇ ನೋಡಿ.

ರೇಡಿಯೋ ಮುಟ್ಟುವ ಅಧಿಕಾರ ಅಪ್ಪನದು ಮಾತ್ರ. ಅವರಿಗೆ ವಾರ್ತೆ ಬೇಕು, ಶಾಸ್ತ್ರೀಯ ಸಂಗೀತ ಬೇಕು. ಸಿನಿಮಾ ಹಾಡು ಅಂದರೆ ಆಗದು. ಆ ಕಾಲದ ಸರ್ಕಾರದ ಧಾಟಿಯೂ ಹಾಗೇ ಇತ್ತೆನ್ನಿ. 1952ರಲ್ಲಿ ಪ್ರಸಾರ ಮಂತ್ರಿಯಾಗಿದ್ದ ಬಿ.ವಿ. ಕೇಸ್ಕರ್ ಅವರು ಆಕಾಶವಾಣಿಯಿಂದ ಸಿನಿಮಾ ಹಾಡನ್ನು ದೂರ ಇಟ್ಟರು. ಜನ ಸುಮ್ಮನಿರುತ್ತಾರೆಯೇ? ಮುಳ್ಳನ್ನು ಸಿಲೋನಿಗೆ ತಿರುಗಿಸಿದರು. ಅದೇ ವರ್ಷ ಅಲ್ಲಿ ಅಮೀನ್ ಸಯಾನಿಯವರ ಬಿನಾಕ ಗೀತ್‌ಮಾಲಾ ಶುರುವಾಯಿತು. ಕೊನೆಗೆ 1957ರ ಅಕ್ಟೋಬರ್ 3ರಂದು ನಮ್ಮವರೇ ವಿವಿಧ ಭಾರತಿ ತೆರೆಯಬೇಕಾಯಿತು. ಆದರೆ ನಮ್ಮ ಮನೆಯಲ್ಲಿ ಕೇಸ್ಕರ್ ಅವರ ಆಳ್ವಿಕೆ ಮುಂದುವರಿದಿತ್ತು!

ಅಮ್ಮನಿಗೋ ಹಾಡಿನ ಹುಚ್ಚು. ಹಿಂದಿ ಒಂದಕ್ಷರ ಬಾರದು, ಆದರೂ ಸಿಲೋನ್ ಬೇಕು. ಅಪ್ಪ ಮಿಲ್ಲಿಗೆ ಹೋದ ಮೇಲೆ ಹಾಕುತ್ತಿದ್ದಳು. ಮಧ್ಯಾಹ್ನ ಬೆಂಗಳೂರೋ ಧಾರವಾಡವೋ. ಅಪ್ಪ ಬರುವುದಕ್ಕೆ ಒಂದು ಗಂಟೆ ಮುಂಚೆ ಆರಿಸಿ, ಕಸೂತಿ ಬಟ್ಟೆ ತೆಗೆದು ಆರಲು ಬಿಡುತ್ತಿದ್ದಳು. ನಮ್ಮ ಕೈಲಿ ಬೀಸಣಿಗೆ ಕೊಟ್ಟು ಬೀಸಿಸಿದ್ದೂ ಉಂಟು. ಯಾಕೆಂದರೆ ಅಪ್ಪ ಚಪ್ಪಲಿ ಬಿಟ್ಟವರೇ ಮೊದಲು ಮಾಡುತ್ತಿದ್ದ ಕೆಲಸ, ರೇಡಿಯೋ ತಲೆ ಮುಟ್ಟಿ ನೋಡುವುದು. ಬಿಸಿ ಇದ್ದರೆ ಮುಗಿಯಿತು. "ವಾಲ್ವ್ ಹೋದ್ರೆ ನಿಮ್ಮಪ್ಪ ತಂದ್ಕೊಡ್ತಾನೇನು?" ಅಮ್ಮ ತಲೆ ತಗ್ಗಿಸಿ ನಿಂತಿರುತ್ತಿದ್ದಳು. ಮೂರು ಮಕ್ಕಳ ತಾಯಿ, ಒಂದು ಹಾಡಿಗೋಸ್ಕರ. ಆ ಚಿತ್ರ ನನ್ನ ಮನಸ್ಸಿನಿಂದ ಹೋಗಿಲ್ಲ. ಅಪ್ಪ ತೀರಿಕೊಂಡಾಗಲೂ ಹೋಗಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಮನೆಗೆ ಟ್ರಾನ್ಸಿಸ್ಟರ್ ಬಂತು. ಕಾಯಬೇಕಿಲ್ಲ, ಕಾಯಿಸಬೇಕಿಲ್ಲ, ಬಿಸಿಯಾಗುವುದೂ ಇಲ್ಲ. ಅಮ್ಮ ಅದನ್ನು ಅಡುಗೆಮನೆ ಗೂಡಿನಲ್ಲಿಟ್ಟುಕೊಂಡಳು. ಮರ್ಫಿ ಅಟ್ಟ ಹತ್ತಿತು.

ಗುಜರಿಗೆ ಹಾಕುವ ಮುಂಚೆ ನೋಡೋಣ ಅಂತ ತಮ್ಮನ ಮಗ ನೇರ ಪ್ಲಗ್ಗಿಗೆ ಚುಚ್ಚಿದ. ಗೊರ್ ಅಂತ ಸದ್ದು, ಹಿಂದಿನಿಂದ ಹೊಗೆ. ಆಗಿದ್ದು ಆಗಲಿ ಅಂತ ನಾನೇ ಅದನ್ನು ಹಳೇ ರೇಡಿಯೋ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಒಯ್ದೆ. ಅವರು ಬೈದರು. "ವರ್ಷಗಟ್ಟಲೆ ಸುಮ್ನೆ ಕೂತ ಸೆಟ್ಟಿಗೆ ಹಿಂಗೆ ಒಮ್ಮೆಲೇ ಕರೆಂಟ್ ಕೊಡ್ತಾರೇನಮ್ಮಾ? ಕೆಪಾಸಿಟರ್ ಒಳಗೇ ಸತ್ತಿರ್ತವೆ." ಮೊದಲು ಅವನ್ನು ಬದಲಾಯಿಸಿ, ಆಮೇಲೆ ಒಂದು ನೂರು ವಾಟ್ ಬಲ್ಬನ್ನು ಸರಣಿಯಲ್ಲಿ ಸೇರಿಸಿ ಕರೆಂಟ್ ಕೊಡಬೇಕಂತೆ. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಜೋರಾಗಿ ಉರಿದು ತಿಳಿಸುತ್ತದೆ, ಸೆಟ್ಟು ಸುಡುವುದಿಲ್ಲ. ನಿಮ್ಮ ಮನೆಯಲ್ಲೂ ಇಂಥದ್ದಿದ್ದರೆ ನೆನಪಿಡಿ. ಹಿಂದಿನ ಮುಚ್ಚಳವನ್ನಂತೂ ನೀವಾಗಿ ಬಿಚ್ಚಬೇಡಿ. ಒಳಗೆ ಇನ್ನೂರೈವತ್ತು ವೋಲ್ಟ್ ಓಡಾಡುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ನಿಂತಿರುತ್ತದೆ.

ಎರಡು ವಾರದ ಮೇಲೆ ಅವರ ಫೋನು ಬಂತು. "ಎಲ್ಲಾ ರೆಡಿ. ಡಯಲ್ ಗಾಜಿನ ಮೇಲೆ ಮೂರು ಕಡೆ ಕೆಂಪು ಕಲೆ ಇದೆ. ಮೇಣದ ಥರ ಅಂಟಿದೆ. ಒರೆಸಿಬಿಡ್ಲಾ?"

ಓಡಿಹೋಗಿ ನೋಡಿದೆ. ಕುಂಕುಮ. ಅಮ್ಮ ಹಣೆಗೆ ಮೇಣ ಹಚ್ಚಿ ಕುಂಕುಮ ಇಡುತ್ತಿದ್ದಳಲ್ಲ, ಅದೇ. ಡಯಲ್ ಮೇಲೆ ಊರಿನ ಹೆಸರೆಲ್ಲ ಇಂಗ್ಲಿಷಿನಲ್ಲಿ. ಅಮ್ಮನಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ತನ್ನ ಮೂರು ಸ್ಟೇಷನ್ನಿಗೆ ಮೂರು ಬೊಟ್ಟು ಇಟ್ಟುಕೊಂಡಿದ್ದಳು.

ಮುಳ್ಳನ್ನು ಮೊದಲ ಬೊಟ್ಟಿಗೆ ತಂದೆವು. ಕೂದಲೆಳೆಯಷ್ಟು ಆಚೆ ಸರಿಸಿದ್ದೇ ಹಸಿರು ಕಣ್ಣು ಕೂಡಿತು. 612 ಕಿಲೋಹರ್ಟ್ಸ್, ಬೆಂಗಳೂರು. ಎರಡನೆಯದು ಧಾರವಾಡ. ಮೂರನೆಯ ಬೊಟ್ಟು ಶಾರ್ಟ್‌ವೇವ್‌ನಲ್ಲಿ, ಸಿಲೋನ್ ಇದ್ದ ಜಾಗ. ಅಲ್ಲಿ ಬರೀ ಗುಯ್ ಅನ್ನುವ ಸದ್ದು.

ತಂಗಿಗೆ ಫೋನ್ ಮಾಡಿ ಹೇಳಿದೆ. ಅವಳು ಒಂದು ಕ್ಷಣ ಸುಮ್ಮನಿದ್ದು ಕೇಳಿದಳು: "ಅಕ್ಕಾ, ಆ ಗಾಜನ್ನ ಪ್ರತಿ ಭಾನುವಾರ ಒರೆಸ್ತಿದ್ದಿದ್ದು ಯಾರು?"

ಅಪ್ಪ. ಒದ್ದೆ ಮಲ್ಮಲ್ ಬಟ್ಟೆ ಹಿಡಿದು, ನಮ್ಮನ್ನು ಹತ್ತಿರ ಸೇರಿಸದೆ, ಅವರೇ ಒರೆಸುತ್ತಿದ್ದರು. ಹದಿನೈದು ವರ್ಷಕ್ಕೂ ಹೆಚ್ಚು. ಬೊಟ್ಟು ಅವರ ಕಣ್ಣಿಗೆ ಬೀಳದೆ ಇರುವುದು ಸಾಧ್ಯವೇ ಇಲ್ಲ. ಪ್ರತಿ ಭಾನುವಾರ ಆ ಮೂರು ಬೊಟ್ಟನ್ನು ಬಿಟ್ಟು ಸುತ್ತ ಒರೆಸಿದ್ದಾರೆ.

ಹಾಗಂತ ಅಮ್ಮ ತಲೆ ತಗ್ಗಿಸಿ ನಿಂತದ್ದು ಸುಳ್ಳಾಗುವುದಿಲ್ಲ. ಬೈದವರೂ ಅವರೇ, ಬೊಟ್ಟು ಉಳಿಸಿದವರೂ ಅವರೇ. ಬೈಯದೇ ಇದ್ದಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತದೆ. ಆದರೆ ಅಪ್ಪನ ಲೆಕ್ಕಕ್ಕೆ ನಾನು ಬರೆದಿಟ್ಟಿದ್ದು ಒಂದೇ ಕಡೆಯದ್ದು ಅಂತ ಗೊತ್ತಾಯಿತು.

ರೇಡಿಯೋ ಈಗ ನಮ್ಮ ಹಾಲಿನಲ್ಲಿದೆ. ಮೊನ್ನೆ ಸಂಜೆ ತಮ್ಮ ಬಂದವನು ಚಪ್ಪಲಿ ಬಿಟ್ಟು ಸೀದಾ ಹೋಗಿ ಅದರ ತಲೆ ಮುಟ್ಟಿದ. "ಬಿಸಿ ಇದೆ" ಅಂದ. ಇಬ್ಬರಿಗೂ ನಗು ಬಂತು.