ಎಳೆಯುವ ಬಲ, ನಿಲ್ಲಿಸುವ ಬಲ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಕಡಲೆಕಾಯಿ, ಹುಣಿಸೆಹಣ್ಣು, ಮೇವು, ಇಟ್ಟಿಗೆ ಏನು ಸಾಗಬೇಕಾದರೂ ಹಳ್ಳಿಗರಿಗೆ ಟ್ರ್ಯಾಕ್ಟರಿನ ಹಿಂದಿನ ಟ್ರೇಲರು ಬೇಕು. ಹೊಸದನ್ನು ಕೊಳ್ಳಲಾರದವರು ಹಳೆಯದನ್ನು ಕೊಳ್ಳುತ್ತಾರೆ, ತಪ್ಪೇನೂ ಇಲ್ಲ. ಆದರೆ ಕೊಳ್ಳುವಾಗ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ನಮ್ಮ ಟ್ರ್ಯಾಕ್ಟರು ಇದನ್ನು ಎಳೆದೀತೆ? ಎಳೆದೀತು. ಕೆಳ ಗೇರಿನಲ್ಲಿ ಸಣ್ಣ ಎಂಜಿನೂ ದೊಡ್ಡ ಭಾರವನ್ನು ಎಳೆಯಬಲ್ಲುದು. ಅದನ್ನು ನಿಲ್ಲಿಸೀತೆ ಎಂಬುದೇ ಮೊದಲು ಕೇಳಬೇಕಾದ ಪ್ರಶ್ನೆಯೆಂದು ನಾವು ತಿಳಿಯುತ್ತೇವೆ.

ಶಾಲೆಯಲ್ಲಿ ಕಲಿತ ಚಲನೆಯ ನಿಯಮಗಳಿಂದಲೇ ವಾಚಕರು ಇದನ್ನು ಲೆಕ್ಕ ಹಾಕಬಹುದು. ಟ್ರ್ಯಾಕ್ಟರು 2 ಟನ್, ಬರಿಯ ಟ್ರೇಲರು 1.5 ಟನ್, ಹೇರು 5 ಟನ್ ಎಂದಿಟ್ಟುಕೊಳ್ಳೋಣ, ಒಟ್ಟು 8.5 ಟನ್. ನಮ್ಮಲ್ಲಿನ ಬಹುಪಾಲು ಟ್ರ್ಯಾಕ್ಟರುಗಳಲ್ಲಿ ಬ್ರೇಕು ಹಿಂಚಕ್ರಗಳಿಗೆ ಮಾತ್ರ. ಹಳೆಯ ಟ್ರೇಲರಿಗೆ ಬ್ರೇಕೇ ಇಲ್ಲದಿರುವುದು ಅಪರೂಪವಲ್ಲ. ಹಿಂಚಕ್ರಗಳ ಮೇಲೆ ಟ್ರ್ಯಾಕ್ಟರಿನ ಸ್ವಂತ ಭಾರ 1.3 ಟನ್, ಕೊಕ್ಕೆಯ ಮೂಲಕ ಟ್ರೇಲರು ಒತ್ತುವ ಭಾರ 0.7 ಟನ್, ಒಟ್ಟು 2 ಟನ್ ಬೀಳುತ್ತದೆನ್ನೋಣ. ಒಣ ರಸ್ತೆಯ ಘರ್ಷಣಾಂಕ 0.6 ಆದರೆ ದೊರೆಯುವ ತಡೆ ಹೆಚ್ಚೆಂದರೆ 1.2 ಟನ್ ಭಾರದಷ್ಟು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋಗುವ ಬರಿಯ ಟ್ರ್ಯಾಕ್ಟರು, ಬ್ರೇಕು ಹಿಡಿದ ಮೇಲೆ, ಸುಮಾರು 6 ಮೀಟರಿನಲ್ಲಿ ನಿಂತರೆ ಹೇರಿದ ಟ್ರೇಲರಿನೊಡನೆ 17 ಮೀಟರು ಬೇಕು. 10ಕ್ಕೆ 1ರ ಇಳಿಜಾರಿನಲ್ಲಿ ಗುರುತ್ವವು 0.85 ಟನ್ ಬಲದಿಂದ ಕೆಳಕ್ಕೆಳೆಯುವುದರಿಂದ ಉಳಿಯುವ ತಡೆ 0.35 ಟನ್ ಮಾತ್ರ. ನಿಲ್ಲಲು 60 ಮೀಟರು! ಮಳೆ ಬಿದ್ದು ಹಿಡಿತವು ಅರ್ಧಕ್ಕಿಳಿದರೆ ತಡೆ 0.6 ಟನ್. ಆಗ ಬ್ರೇಕನ್ನು ಒತ್ತಿದ್ದರೂ ವೇಗವು ಏರುತ್ತಲೇ ಹೋಗುವುದು. ಎಂಜಿನಿನ ತಡೆಯೂ ಅದೇ ಹಿಂಚಕ್ರಗಳ ಹಿಡಿತವನ್ನೇ ನಂಬಿದೆ. ಅಶ್ವಶಕ್ತಿಯ ಮಾತು ಈ ಲೆಕ್ಕದಲ್ಲಿ ಎಲ್ಲಿಯೂ ಬರಲಿಲ್ಲವೆಂಬುದನ್ನು ಗಮನಿಸಬೇಕು.

ಎತ್ತಿನ ಗಾಡಿ ಹೊಡೆದ ಹಿರಿಯರಿಗೆ ಇದರ ಒಂದಂಶ ಹೊಸತಲ್ಲ. ಗಾಡಿ ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ, ಹಿಂಭಾರವಾದರೆ ನೊಗ ಮೇಲೇಳುತ್ತದೆ. ಎರಡು ಚಕ್ರದ ಟ್ರೇಲರೂ ಹಾಗೆಯೇ. ಹೇರು ಅಚ್ಚಿನ ಹಿಂದಕ್ಕೆ ಸರಿದರೆ ಕೊಕ್ಕೆ ಮೇಲೆದ್ದು ಹಿಂಚಕ್ರಗಳ ಹಿಡಿತ ತಪ್ಪುತ್ತದೆ. ತೀರ ಮುಂದಾದರೆ ಟ್ರ್ಯಾಕ್ಟರಿನ ಮುಂಚಕ್ರಗಳು ಹಗುರಾಗಿ ಚಾಲಕನು ತಿರುಗಿಸಿದತ್ತ ತಿರುಗವು. ನಾಲ್ಕು ಚಕ್ರದ ಟ್ರೇಲರು ಕೊಕ್ಕೆಯ ಮೇಲೆ ಹೆಚ್ಚು ಭಾರ ಹಾಕದು. ಬ್ರೇಕಿಲ್ಲದ ಅಂಥದನ್ನು ಹಗುರವಾದ ಟ್ರ್ಯಾಕ್ಟರಿಗೆ ಕಟ್ಟಲೇಬಾರದು.

ಆದ್ದರಿಂದ ಹಳೆಯ ಟ್ರೇಲರು ನೋಡಲು ಹೋದವರು ಹೊಸ ಬಣ್ಣಕ್ಕೆ ಮರುಳಾಗದೆ ಕೆಳಗೆ ಬಗ್ಗಿ ನೋಡಲಿ. ಕೊಕ್ಕೆಯ ತೂತು ಸವೆದು ಉದ್ದವಾಗಿದೆಯೆ, ಚೌಕಟ್ಟಿನ ಬೆಸುಗೆ ಬಿರಿದಿದೆಯೆ, ಚಕ್ರವನ್ನು ಎತ್ತಿ ಅಲುಗಿಸಿದರೆ ಬೇರಿಂಗು ಸದ್ದು ಮಾಡುವುದೆ? ಬ್ರೇಕಿಲ್ಲದಿದ್ದರೆ ಅದನ್ನು ಹಾಕಿಸುವ ಖರ್ಚನ್ನು ಬೆಲೆಗೆ ಸೇರಿಸಿಯೇ ಚೌಕಾಶಿ ಮಾಡಬೇಕು. ಟ್ರ್ಯಾಕ್ಟರಿನ ಎಡಬಲದ ಬ್ರೇಕುಗಳನ್ನು ರಸ್ತೆಯಲ್ಲಿ ಒಟ್ಟಿಗೆ ಬಿಗಿಯದಿದ್ದರೆ ಒಂದೇ ಚಕ್ರ ನಿಂತು ಬಂಡಿ ಮಗುಚೀತು. ಇಂಥ ಬಂಡಿಗಳಲ್ಲಿಯೇ ಕೂಲಿಯವರನ್ನೂ ಮದುವೆಯ ದಿಬ್ಬಣವನ್ನೂ ತುಂಬಿ ಒಯ್ಯುವ ವಾಡಿಕೆಯನ್ನು ನಾವು ಒಪ್ಪಲಾರೆವು.

ಕಾಗದಪತ್ರದ ಮಾತೂ ಒಂದಿದೆ. 1988ರ ಮೋಟಾರು ವಾಹನಗಳ ಕಾಯಿದೆಯಲ್ಲಿ ಟ್ರೇಲರಿಗೆ ಬೇರೆಯೇ ವ್ಯಾಖ್ಯೆಯುಂಟು. ಟ್ರ್ಯಾಕ್ಟರಿನ ನೋಂದಣಿ ಅದಕ್ಕೆ ಸಾಲದು. ಪಾವಗಡದವರು ಗಡಿಯಾಚೆ ಆಂಧ್ರದ ಮಡಕಶಿರಾ, ಹಿಂದೂಪುರಗಳಲ್ಲಿ ಕೊಂಡರೆ ಅಲ್ಲಿಯ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರವನ್ನು ಹಣ ಕೊಡುವ ಮೊದಲೇ ಕೇಳಬೇಕು.