ಹೇಳದೆ ಹೋಗಿ, ಒಳಗೆ ನೋಡಿ

ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಬಂಧುಗಳೇ, ನೀವು ಕರುಣೆಯಿಲ್ಲದವರಲ್ಲ. ಮಗಳ ಹುಟ್ಟುಹಬ್ಬಕ್ಕೋ ಅಪ್ಪನ ತಿಥಿಗೋ ಬುದ್ಧಿಮಾಂದ್ಯರ ಆಶ್ರಮದಲ್ಲಿ ಒಂದು ಹೊತ್ತಿನ ಊಟ ಬರೆಸಿ, ಕೈಯಾರೆ ಹೋಳಿಗೆ ಬಡಿಸಿ, ಕಣ್ಣು ತುಂಬಿಕೊಂಡು ಬಂದವರು ನಿಮ್ಮಲ್ಲಿ ಎಷ್ಟೋ ಮಂದಿ. ಆ ಕಣ್ಣೀರು ಸುಳ್ಳಲ್ಲ. ಆದರೆ ಊಟದ ಕೋಣೆಯ ಹಿಂದೆ ಒಂದು ಬಾಗಿಲು ಹೊರಗಿನಿಂದ ಚಿಲಕ ಹಾಕಿಕೊಂಡಿದ್ದರೆ ಯಾಕೆಂದು ಕೇಳಿದ್ದೀರಾ? ಅದರಾಚೆ ಯಾರೋ ಒಂದೇ ಸಮನೆ ನರಳುತ್ತಿದ್ದರೆ, "ಅವನು ಯಾವಾಗಲೂ ಹಾಗೇ ಸಾರ್" ಎಂಬ ಮಾತಿಗೆ ಸುಮ್ಮನಾಗಿ ಚಪ್ಪಲಿ ಮೆಟ್ಟಿಕೊಂಡು ಬಂದಿಲ್ಲವೇ? ಅವರು ಹೇಳಲಾರರು. ನೀವು ನೋಡಬಲ್ಲಿರಿ.

ಯಾವುದೋ ಒಂದು ಮನೆಯ ಮೇಲಿನ ದೂರಲ್ಲ ಇದು. ಸಾಲ ಮಾಡಿ ಅಕ್ಕಿ ತಂದು ನಡೆಸುವವರೂ, ಇಪ್ಪತ್ತು ಜನರ ಮೈ ತೊಳೆದು ರಾತ್ರಿಯೆಲ್ಲ ಒಬ್ಬೊಬ್ಬರೇ ಎದ್ದಿರುವ ಆಯಾಗಳೂ ನಮ್ಮ ನಡುವೆ ಇದ್ದಾರೆ. ಅವರ ದಣಿವನ್ನು ನೋಡುವವರೂ ಬೇಕು.

ತಪಾಸಣೆ ಸರ್ಕಾರದ ಕೆಲಸ ಎನ್ನುತ್ತೀರಿ. ಹೌದು. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ ಪ್ರಕಾರ ನೋಂದಣಿಯಿಲ್ಲದೆ ಇಂಥ ಸಂಸ್ಥೆ ನಡೆಸುವಂತಿಲ್ಲ. ಆದರೆ ಮಲೆನಾಡಿನ ಮೂಲೆಯಿಂದ ಅಜ್ಜಂಪುರದ ಬಯಲಿನವರೆಗೆ ಇಡೀ ಜಿಲ್ಲೆಗೆ ಇರುವವರು ಒಬ್ಬರೇ ವಿಕಲಚೇತನರ ಕಲ್ಯಾಣಾಧಿಕಾರಿ. ಅವರು ಬರುವ ಸುದ್ದಿ ಮೊದಲೇ ತಿಳಿದರೆ ಅಂದು ಫಿನಾಯಿಲ್ ವಾಸನೆ ಇರುತ್ತದೆ, ಒಗೆದ ಹೊದಿಕೆ ಇರುತ್ತದೆ, ಪುಸ್ತಕದಲ್ಲಿ ಸಹಿ ಇರುತ್ತದೆ. ಮರುದಿನದ ಬೆಳಗು ಹೇಗಿತ್ತೆಂದು ಒಳಗಿರುವ ಅವರು ಹೇಳಲಾರರು. ನೀವು ನೋಡಬಲ್ಲಿರಿ.

ಯಾರೂ ನೋಡದಿದ್ದಾಗ ಏನಾಗುತ್ತದೆಂದು ಈ ದೇಶಕ್ಕೆ ಗೊತ್ತಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ಮಾನಸಿಕ ಕಾಯಿಲೆಯವರನ್ನು ಇಟ್ಟುಕೊಂಡಿದ್ದ ಗುಡಿಸಲಿಗೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿಹಾಕಿದ್ದ ಇಪ್ಪತ್ತೈದಕ್ಕೂ ಹೆಚ್ಚು ಜನ ಓಡಲಾಗದೆ ಅಲ್ಲೇ ಸುಟ್ಟುಹೋದರು. ಅಲ್ಲಿಗೆ ದಿನವೂ ಜನ ಬರುತ್ತಿದ್ದರು. ಅಲ್ಲಿನ ದರ್ಗಾಕ್ಕೆ ಹರಕೆ ಹೊತ್ತು ಬಂದವರು, ಅಂಗಡಿಯವರು, ಹಾಲಿನವರು. ಸರಪಳಿ ಯಾರಿಗೂ ಕಾಣದ್ದೇನಲ್ಲ. ಆಮೇಲೆ ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು, ಇಂಥ ತಾಣಗಳನ್ನೆಲ್ಲ ಜಿಲ್ಲೆ ಜಿಲ್ಲೆಗೂ ಸಮೀಕ್ಷೆ ಮಾಡಿ ಎಂದು ರಾಜ್ಯಗಳಿಗೆ ಆದೇಶಿಸಿತು. ಅಷ್ಟು ಹೆಣ ಬಿದ್ದ ಮೇಲೆ. ಇನ್ನು ದೆಹಲಿಯ ಆಶಾ ಕಿರಣ, ಬುದ್ಧಿಮಾಂದ್ಯರಿಗಾಗಿ ಸರ್ಕಾರವೇ ನಡೆಸುವ ಮನೆ. ಹಿಡಿಸುವುದಕ್ಕಿಂತ ಎಷ್ಟೋ ಹೆಚ್ಚು ಜನರನ್ನು ತುಂಬಿದ್ದ ಅಲ್ಲಿ 2024ರ ಜುಲೈ ಒಂದರಲ್ಲೇ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ರಾಜಧಾನಿಯಲ್ಲೇ ಹೀಗಾದರೆ ನಮ್ಮ ತೆಂಗಿನ ತೋಟದಾಚೆಯ, ಹೆದ್ದಾರಿಗೆ ಬೆನ್ನು ಹಾಕಿದ ಸಣ್ಣ ಮನೆಯ ಕಡೆ ಯಾರು ತಿರುಗಿ ನೋಡಬೇಕು?

ಏನು ನೋಡುವುದು, ನಾವು ಡಾಕ್ಟರಲ್ಲ ಎನ್ನಬೇಡಿ. ಅಮೃತಮಹಲ್ ರಾಸಿನ ಪಕ್ಕೆ ನೋಡಿಯೇ ಮೇವು ಸಾಲದೆಂದು ಹೇಳುವ ಸೀಮೆಯವರು ನೀವು. ಕಳೆದ ವರ್ಷಕ್ಕಿಂತ ಇಳಿದ ಮೈ ನಿಮಗೆ ಕಾಣುತ್ತದೆ. ಬೆನ್ನಿನ ಹಾಸಿಗೆ ಹುಣ್ಣು, ಕತ್ತರಿಸದ ಉಗುರು, ಬಾಗಿಲಿಲ್ಲದ ಕಕ್ಕಸು ಕಾಣುತ್ತವೆ. ಫಿಟ್ಸ್ ಮಾತ್ರೆಯ ಡಬ್ಬಿ ಖಾಲಿಯಿದ್ದರೆ ಕೇಳಬಹುದು. ಹೆಣ್ಣುಮಕ್ಕಳ ಕೋಣೆಯ ಬಳಿ ರಾತ್ರಿ ಯಾರು ಮಲಗುತ್ತಾರೆಂದು ಕೇಳಬಹುದು. ನೀವು ತಲೆ ನೇವರಿಸಲು ಕೈ ಎತ್ತಿದಾಗ ಒಬ್ಬ ಹುಡುಗ ಮುಖ ಮುಚ್ಚಿಕೊಂಡು ಮೂಲೆಗೆ ಸರಿದರೆ, ಅದಕ್ಕಿಂತ ದೊಡ್ಡ ಸಾಕ್ಷಿ ಹೇಳಿಕೆ ಯಾವ ಕಡತದಲ್ಲಿದೆ? ಬಾಯಿಂದ ಅವರು ಹೇಳಲಾರರು. ನೀವು ನೋಡಬಲ್ಲಿರಿ.

ನೋಡಿ ಸುಮ್ಮನೆ ಬರಬೇಕಾಗಿಯೂ ಇಲ್ಲ. ಅದೇ 2016ರ ಕಾಯ್ದೆಯ 7ನೇ ಕಲಮಿನಂತೆ, ವಿಕಲಚೇತನರೊಬ್ಬರಿಗೆ ಹಿಂಸೆಯಾಗುತ್ತಿದೆ, ಆಗಬಹುದು ಎಂದು ನಂಬಲು ಕಾರಣವಿದ್ದರೆ ಯಾರು ಬೇಕಾದರೂ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ತಿಳಿಸಬಹುದು. ಅವರೇನು ದೂರದಲ್ಲಿಲ್ಲ: ಪಹಣಿಗೂ ಜಾತಿ ಪ್ರಮಾಣಪತ್ರಕ್ಕೂ ನೀವು ಅಲೆಯುವ ತಾಲೂಕು ಕಚೇರಿಯಲ್ಲೇ, ತಹಶೀಲ್ದಾರರ ಹೆಸರಿನ ಕೆಳಗೆ 'ತಾಲೂಕು ದಂಡಾಧಿಕಾರಿ' ಎಂದು ಬರೆದಿರುತ್ತದೆ.

ಹಾಗಾಗಿ ಈ ವಾರ, ಹುಟ್ಟುಹಬ್ಬವಿಲ್ಲದ ಒಂದು ಸಂಜೆ, ಫೋನ್ ಮಾಡದೆ ಹೋಗಿ. ಕೇಕು ಬೇಡ, ಫೋಟೊ ಬೇಡ. ಜೊತೆಗೊಬ್ಬ ನರ್ಸಮ್ಮನೋ ನಿವೃತ್ತ ಮೇಷ್ಟರೋ ಇರಲಿ. ಒಳಗೆ ಬಿಡದಿದ್ದರೆ ಅದನ್ನೂ ಬರೆದುಕೊಳ್ಳಿ. ಕಂಡದ್ದನ್ನು ಅರ್ಜಿಯಲ್ಲಿ ಬರೆದು ತಾಲೂಕು ಕಚೇರಿಗೆ ಕೊಟ್ಟು, ಇನ್ನೊಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು, ವಾರ ಬಿಟ್ಟು ಅದೇ ಕಿಟಕಿಯಲ್ಲಿ ನಿಂತು ಏನಾಯಿತೆಂದು ಕೇಳಿ.