ಎರವಲು ತಂದ ಗೆರೆ

ಪ್ರಸಿದ್ಧ ಕಲಾವಿದನೊಬ್ಬನ ಕೃತಿಯನ್ನು ಮುಂದಿಟ್ಟು, ಅದರಿಂದ ಪ್ರೇರಣೆ ಪಡೆದು ಚಿತ್ರ ರಚಿಸುವಂತೆ ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಹೇಳುವ ಪದ್ಧತಿ ಅಮೆರಿಕ, ಇಂಗ್ಲೆಂಡ್ ಮೊದಲಾದ ದೇಶಗಳ ಕಲಾ ತರಗತಿಗಳಲ್ಲಿ ಬಹಳ ಹಿಂದೆಯೇ ನೆಲೆಯೂರಿದ್ದು, ಈಗ ನಮ್ಮ ಶಾಲೆಗಳಲ್ಲೂ ಅಲ್ಲಲ್ಲಿ ಕಾಣಿಸಿಕೊಳ್ಳುತ್ತಿದೆ. ವ್ಯಾನ್ ಗೋನ ನಕ್ಷತ್ರದ ರಾತ್ರಿಯ ಸುಳಿಗಳನ್ನು ತಮ್ಮ ಊರಿನ ಆಕಾಶಕ್ಕೆ ಹಚ್ಚುವುದು, ಮೊಂಡ್ರಿಯಾನನ ಕಪ್ಪು ಗೆರೆಗಳ ನಡುವೆ ಕೆಂಪು, ಹಳದಿ, ನೀಲಿ ತುಂಬುವುದು, ಆಂಡಿ ವಾರ್ಹಾಲನಂತೆ ಒಂದೇ ಮುಖವನ್ನು ನಾಲ್ಕು ಚೌಕಗಳಲ್ಲಿ ನಾಲ್ಕು ಬಣ್ಣಗಳಿಂದ ಮರುಕಳಿಸುವುದು ಇವೆಲ್ಲ ಈ ಬಗೆಯ ಅಭ್ಯಾಸಗಳ ಪರಿಚಿತ ರೂಪಗಳು. ಇಂಥ ಅಭ್ಯಾಸದಿಂದ ವಿದ್ಯಾರ್ಥಿ ಕಲಿಯುವುದು ಕಲೆಯನ್ನೋ, ಕಲಾವಿದನ ವೇಷ ಧರಿಸುವುದನ್ನೋ ಎಂಬ ಪ್ರಶ್ನೆ ಹಳೆಯದು. ಅನುಕರಣೆ ಒಳ್ಳೆಯದೇ ಕೆಟ್ಟದ್ದೇ ಎಂದು ಕೇಳುವುದರಿಂದ ಅದಕ್ಕೆ ಉತ್ತರ ದೊರೆಯದು. ಅನುಕರಣೆಯಲ್ಲಿ ಎರವಲು ಪಡೆಯುವುದು ಏನನ್ನು ಎಂದು ಕೇಳಿದಾಗ ಮಾತ್ರ ದೊರೆಯುತ್ತದೆ.

ಇಪ್ಪತ್ತನೆಯ ಶತಮಾನದ ಕಲಾ ಶಿಕ್ಷಣದ ಒಂದು ಪ್ರಬಲ ಧಾರೆ ಈ ಪ್ರಶ್ನೆಯನ್ನು ನಿಷೇಧದಿಂದಲೇ ಮುಗಿಸಲು ನೋಡಿತು. 1897ರಲ್ಲಿ ವಿಯೆನ್ನಾದಲ್ಲಿ ಮಕ್ಕಳಿಗೆಂದೇ ಕಲಾ ತರಗತಿ ತೆರೆದ ಫ್ರಾನ್ಸ್ ಚಿಜೆಕ್, ಮಗುವಿನ ಒಳಗಿನಿಂದ ತಾನಾಗಿ ಹೊಮ್ಮುವ ಚಿತ್ರಕ್ಕೆ ದೊಡ್ಡವರ ಮಾದರಿಗಳು ಅಡ್ಡಿಯಾಗಬಾರದೆಂದು ನಂಬಿದವನು. ವಿಯೆನ್ನಾದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಪ್ರಕಟಿಸಿದ, ಮಕ್ಕಳ ಸೃಜನಶೀಲತೆ ಮತ್ತು ಮಾನಸಿಕ ಬೆಳವಣಿಗೆಯನ್ನು ಕುರಿತ ಗ್ರಂಥದಲ್ಲಿ, ನೋಡಿ ಬರೆಯುವುದೂ ಅಚ್ಚಿನ ಗೆರೆಗಳೊಳಗೆ ಬಣ್ಣ ತುಂಬುವುದೂ ಮಗುವಿನ ಸ್ವಂತ ಅಭಿವ್ಯಕ್ತಿಯನ್ನು ಕುಂದಿಸುತ್ತವೆಂದು ವಾದಿಸಿದ. ಪುಟ್ಟ ಮಕ್ಕಳ ವಿಷಯದಲ್ಲಿ ಈ ವಾದಕ್ಕೆ ಇಂದಿಗೂ ತೂಕವಿದೆ. ಆದರೆ ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಪರಿಸ್ಥಿತಿ ಬೇರೆಯಾಗುತ್ತದೆ. ತಾನು ಬಿಡಿಸಿದ ಕೈ ಕೈಯಂತೆ ಕಾಣುತ್ತಿಲ್ಲವೆಂಬ ಅತೃಪ್ತಿ ಆ ವಯಸ್ಸಿನ ಮಕ್ಕಳನ್ನು ಚಿತ್ರ ಬಿಡಿಸುವುದರಿಂದಲೇ ದೂರ ಸರಿಸುತ್ತದೆ, ಮತ್ತು ಆಗ ನಿನ್ನೊಳಗಿನದನ್ನು ಹೊರಹಾಕು ಎಂಬ ಸಲಹೆಯಿಂದ ಅವರಿಗೆ ಯಾವ ದಾರಿಯೂ ತೆರೆಯದು. 1977ರಲ್ಲಿ ಬ್ರೆಂಟ್ ಮತ್ತು ಮಾರ್ಜರಿ ವಿಲ್ಸನ್ ದಂಪತಿಗಳು ಹದಿಹರೆಯದವರ ಚಿತ್ರಗಳ ಮೂಲವನ್ನು ಹುಡುಕಿದಾಗ, ಸ್ವತಂತ್ರವೆಂದು ಕಾಣುವ ಚಿತ್ರಗಳ ಹಿಂದೆಯೂ ಚಿತ್ರಕಥೆ, ಪತ್ರಿಕೆ, ಟಿವಿ, ಗೆಳೆಯರ ಪುಸ್ತಕ ಹೀಗೆ ಎಲ್ಲೋ ಕಂಡ ಇನ್ನೊಂದು ಚಿತ್ರವಿರುವುದನ್ನು ತೋರಿಸಿದರು. ಅಂದರೆ ನೋಡಿ ಬರೆಯುವುದನ್ನು ಶಾಲೆ ನಿಷೇಧಿಸಿದರೂ ವಿದ್ಯಾರ್ಥಿ ಅದನ್ನು ಬಿಡುವುದಿಲ್ಲ. ಯಾರಿಂದ, ಹೇಗೆ ನೋಡಿ ಬರೆಯಬೇಕೆಂದು ಹೇಳಿಕೊಡುವವರು ಮಾತ್ರ ಇಲ್ಲವಾಗುತ್ತಾರೆ.

ಶಾಲೆಗಳು ಯಾರ ಹೆಸರನ್ನು ಅತಿ ಹೆಚ್ಚು ಬಳಸುತ್ತವೆಯೋ ಆ ವ್ಯಾನ್ ಗೋನ ಬದುಕೇ ಈ ವಿಷಯದಲ್ಲಿ ಅತ್ಯಂತ ಉಪಯುಕ್ತವಾದ ಪಾಠ. 1880ರಲ್ಲಿ ಕಲಾವಿದನಾಗಲು ನಿಶ್ಚಯಿಸಿದಾಗ ಆತ ಮೊದಲು ಮಾಡಿದ ಕೆಲಸಗಳಲ್ಲೊಂದು, ಶಾರ್ಲ್ ಬಾರ್ಗ್ ಎಂಬಾತ ರೂಪಿಸಿದ್ದ ಚಿತ್ರಾಭ್ಯಾಸದ ಹಾಳೆಗಳನ್ನು ಒಂದೊಂದಾಗಿ, ಮತ್ತೆ ಮತ್ತೆ, ಇದ್ದಿಲಿನಲ್ಲಿ ನಕಲು ಮಾಡಿದ್ದು. ಇಲ್ಲಿ ನಕಲಿನ ಉದ್ದೇಶ ಕೈಯ ಶಿಸ್ತು. 1887ರಲ್ಲಿ ಪ್ಯಾರಿಸ್ಸಿನಲ್ಲಿ ಆತ ಜಪಾನಿನ ಹಿರೋಶಿಗೆಯ ಮರದಚ್ಚಿನ ಚಿತ್ರಗಳನ್ನು ತೈಲವರ್ಣಕ್ಕೆ ಇಳಿಸಿದ. ಸೇತುವೆಯ ಮೇಲೆ ಸುರಿಯುವ ಮಳೆಯ ಚಿತ್ರವನ್ನು ಹಾಗೆ ಇಳಿಸುವಾಗ ಬಣ್ಣಗಳನ್ನು ಮೂಲಕ್ಕಿಂತ ಗಾಢವಾಗಿಸಿ, ಅಂಚಿನ ಸುತ್ತ ಬೇರೆ ಅಚ್ಚುಗಳಿಂದ ತೆಗೆದ ಜಪಾನಿ ಅಕ್ಷರಗಳನ್ನು ತುಂಬಿದ. ನೆರಳಿಲ್ಲದ ಚಪ್ಪಟೆ ಬಣ್ಣವೂ ಓರೆಯಾಗಿ ಕತ್ತರಿಸಿದ ದೃಶ್ಯವೂ ಚಿತ್ರವನ್ನು ಹೇಗೆ ಹಿಡಿದು ನಿಲ್ಲಿಸುತ್ತವೆಂಬುದು ಅಲ್ಲಿ ಆತ ಹುಡುಕುತ್ತಿದ್ದ ಸಂಗತಿ. 1889ರ ಶರತ್ಕಾಲದಿಂದ ಮುಂದಿನ ವರ್ಷದ ಆರಂಭದವರೆಗೆ, ಸೇಂಟ್ ರೆಮಿಯ ಮಾನಸಿಕ ಚಿಕಿತ್ಸಾಲಯದಲ್ಲಿದ್ದಾಗ, ಹೊರಗೆ ಹೋಗಿ ಚಿತ್ರಿಸುವ ಸ್ಥಿತಿಯಲ್ಲಿಲ್ಲದ ದಿನಗಳಲ್ಲಿ, ತಾನು ಗುರುವಿನಂತೆ ಕಂಡ ಮಿಲೇಯ ರೈತ ಜೀವನದ ಚಿತ್ರಗಳನ್ನು ಆತ ಇಪ್ಪತ್ತರಷ್ಟು ಕ್ಯಾನ್ವಾಸುಗಳಲ್ಲಿ ಪುನಃ ಚಿತ್ರಿಸಿದ. ಆತನ ಮುಂದಿದ್ದದ್ದು ಕಪ್ಪು ಬಿಳುಪಿನ ಅಚ್ಚುಗಳು ಮಾತ್ರ. ಆದ್ದರಿಂದ ಬಿತ್ತುವವನ ನಿಲುವು, ಕೊಯ್ಯುವವಳ ಬಾಗಿದ ಬೆನ್ನು ಮಿಲೇಯವಾದರೂ ಪ್ರತಿಯೊಂದು ಬಣ್ಣವನ್ನೂ ಆತನೇ ನಿರ್ಧರಿಸಬೇಕಾಗಿತ್ತು. ತಮ್ಮ ತಿಯೋಗೆ ಬರೆದ ಪತ್ರಗಳಲ್ಲಿ ಆತ ಈ ಕೆಲಸವನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಮಾಡುವ ಅನುವಾದಕ್ಕೂ, ಬೇರೊಬ್ಬರ ರಚನೆಯನ್ನು ತನ್ನ ಮನೋಧರ್ಮದಂತೆ ನುಡಿಸುವ ಸಂಗೀತಗಾರನ ಕೆಲಸಕ್ಕೂ ಹೋಲಿಸಿದ್ದಾನೆ. ತ್ಯಾಗರಾಜರ ಒಂದೇ ಕೃತಿಯನ್ನು ಹತ್ತು ಗಾಯಕರ ಕಂಠದಲ್ಲಿ ಕೇಳಿ ಬಲ್ಲ ಕನ್ನಡ ಓದುಗರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಮೂರು ನಕಲುಗಳಲ್ಲಿ ಒಂದು ಸಾಮ್ಯವಿದೆ: ಪ್ರತಿ ಬಾರಿಯೂ ಏನನ್ನು ಮೂಲದಿಂದ ಹಾಗೆಯೇ ಇಟ್ಟುಕೊಳ್ಳಬೇಕು, ಏನನ್ನು ತಾನೇ ತೀರ್ಮಾನಿಸಬೇಕು ಎಂಬ ಗಡಿ ಸ್ಪಷ್ಟವಾಗಿದೆ. ಶಾಲೆಯ ಅಭ್ಯಾಸಗಳು ಸೋಲುವುದು ಬಹುತೇಕ ಈ ಗಡಿ ಇಲ್ಲದಿರುವುದರಿಂದ. ನಕ್ಷತ್ರದ ರಾತ್ರಿಯ ಸುಳಿಯನ್ನು ಬಿಡಿಸಿದ ವಿದ್ಯಾರ್ಥಿಗೆ ಆ ಸುಳಿಯನ್ನು ಯಾಕೆ ಬಿಡಿಸುತ್ತಿದ್ದೇನೆಂದು ತಿಳಿದಿರುವುದಿಲ್ಲ. ಮೂಲದಲ್ಲಿ ಆಕಾಶದ ಹೊರಳುವಿಕೆಗೂ ಕೆಳಗಿನ ಊರಿನ ನಿಶ್ಚಲ ಮನೆಗಳಿಗೂ ಇರುವ ಸೆಣಸಾಟವನ್ನು, ಎರಡನ್ನೂ ದಾಟಿ ಮೇಲೇಳುವ ಸೈಪ್ರೆಸ್ ಮರದ ಕಪ್ಪು ರೂಪವನ್ನು ಯಾರೂ ತೋರಿಸಿರುವುದಿಲ್ಲ. ಆತನಿಗೆ ದೊರೆತದ್ದು ಕಲಾವಿದನ ಗುರುತಿನ ಚೀಟಿ ಮಾತ್ರ. ಶೈಲಿ ಎಂಬುದು ಒಬ್ಬ ಕಲಾವಿದ ಒಂದು ತೊಡಕನ್ನು ಬಿಡಿಸಲು ಹೆಣಗಿದಾಗ ಉಳಿದುಹೋದ ಗುರುತು; ತೊಡಕನ್ನು ಕೊಡದೆ ಗುರುತನ್ನಷ್ಟೇ ಕೊಟ್ಟರೆ, ಉಳುವುದನ್ನು ಕಲಿಸದೆ ನೇಗಿಲ ಗೆರೆಯ ಚಿತ್ರವನ್ನು ತೋರಿಸಿದಂತಾಗುತ್ತದೆ.

ಮೊಂಡ್ರಿಯಾನನ ಉದಾಹರಣೆಯಲ್ಲಿ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. ಆತನ ಚೌಕಗಳು ನಕಲಿಗೆ ಅತಿ ಸುಲಭ. ಅಳತೆಗೋಲು, ಕಪ್ಪು ಟೇಪು, ಮೂರು ಬಣ್ಣಗಳಿದ್ದರೆ ಒಂದು ಪಿರಿಯಡ್ಡಿನಲ್ಲಿ ಮುಗಿದುಹೋಗುತ್ತದೆ, ಗೋಡೆಯ ಮೇಲೆ ಅಂದವಾಗಿಯೂ ಕಾಣುತ್ತದೆ. ಆದರೆ ಆತ ಅಲ್ಲಿಗೆ ಬಂದದ್ದು ಮರಗಳ ದಾರಿಯಿಂದ. 1908ರಲ್ಲಿ ಆರಂಭಿಸಿದ ಕೆಂಪು ಮರದ ಚಿತ್ರದಲ್ಲಿ ಕೊಂಬೆಗಳು ನೀಲಿ ಹಿನ್ನೆಲೆಯ ಮೇಲೆ ಉರಿಯುವಂತಿದ್ದರೂ ಮರ ಮರವಾಗಿಯೇ ಇದೆ. 1911ರ ಬೂದು ಮರದಲ್ಲಿ ಕೊಂಬೆಗಳ ಕಮಾನುಗಳೂ ಅವುಗಳ ನಡುವಿನ ಬಯಲೂ ಒಂದೇ ಬಟ್ಟೆಯ ನೂಲುಗಳಂತೆ ಹೆಣೆದುಕೊಳ್ಳುತ್ತವೆ. 1912ರ ಹೂಬಿಟ್ಟ ಸೇಬಿನ ಮರದಲ್ಲಿ ಮರವನ್ನು ಹುಡುಕಬೇಕಾಗುತ್ತದೆ. ಉಳಿದಿರುವುದು ಬಾಗಿದ ಗೆರೆಗಳ ಲಯ. ಲಂಬ ಮತ್ತು ಅಡ್ಡ ಗೆರೆಗಳು, ಮೂರು ಮೂಲವರ್ಣಗಳು ಮಾತ್ರ ಉಳಿದ ಚಿತ್ರಗಳು ಇದಾದ ಸುಮಾರು ಒಂದು ದಶಕದ ನಂತರ ಬಂದವು. ಈ ಸರಣಿಯನ್ನು ವಿದ್ಯಾರ್ಥಿಗಳ ಮುಂದಿಟ್ಟು, ಶಾಲೆಯ ಅಂಗಳದ ಹೊಂಗೆಯನ್ನೋ ಹುಣಸೆಯನ್ನೋ ನೋಡಿ ಮೊದಲು ಇದ್ದಂತೆ ಬಿಡಿಸಿ, ಆಮೇಲೆ ಪ್ರತಿ ಚಿತ್ರದಲ್ಲೂ ಒಂದೊಂದನ್ನು ಕೈಬಿಡುತ್ತ ಒಟ್ಟು ನಾಲ್ಕು ಬಾರಿ ಬಿಡಿಸಿ ಎಂದು ಹೇಳಿದರೆ, ಕೊನೆಯ ಹಾಳೆ ಮೊಂಡ್ರಿಯಾನನ ಚಿತ್ರದಂತೆ ಕಾಣಲಾರದು. ಆದರೂ ಅಮೂರ್ತತೆ, ಅಂದರೆ ಕಣ್ಣಿಗೆ ಕಾಣುವ ವಸ್ತುವಿನಿಂದ ಅದರ ಒಂದು ಗುಣವನ್ನಷ್ಟೇ ಎತ್ತಿ ಬೇರೆಯಾಗಿ ನಿಲ್ಲಿಸುವುದು, ಎಂಬ ಮಾತಿನ ಅರ್ಥ ಆ ವಿದ್ಯಾರ್ಥಿಗೆ ಕೈಯ ಮೂಲಕ ತಿಳಿದಿರುತ್ತದೆ. ಎಲೆಗಳನ್ನು ಬಿಡಬೇಕೇ, ಕಾಂಡದ ದಪ್ಪವನ್ನು ಬಿಡಬೇಕೇ ಎಂದು ಆತ ಯೋಚಿಸಿದ ಕ್ಷಣ ಮೊಂಡ್ರಿಯಾನ್ ಯೋಚಿಸಿದ ಕ್ಷಣಕ್ಕೆ ಬಹಳ ಹತ್ತಿರದ್ದು.

ಬಣ್ಣವನ್ನು ಚುಕ್ಕೆ ಚುಕ್ಕೆಯಾಗಿ ಇಟ್ಟು ಚಿತ್ರ ಕಟ್ಟಿದ ಜಾರ್ಜ್ ಸೊರಾನಿಗೂ ಇದೇ ಮಾತು ಸಲ್ಲುತ್ತದೆ. ನೇಯ್ಗೆಯ ಕಾರ್ಖಾನೆಯೊಂದರ ಬಣ್ಣದ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರುಲ್, ಕೆಲವು ನೂಲುಗಳ ಕಪ್ಪು ಮಂಕಾಗಿ ಕಾಣುತ್ತದೆಂಬ ದೂರನ್ನು ಪರಿಶೀಲಿಸಿ, ದೋಷ ಬಣ್ಣದ್ದಲ್ಲ, ಅದರ ಪಕ್ಕದಲ್ಲಿರುವ ಬೇರೆ ಬಣ್ಣದ್ದೆಂದು ಕಂಡುಕೊಂಡು 1839ರಲ್ಲಿ ಆ ಕುರಿತು ಗ್ರಂಥ ಪ್ರಕಟಿಸಿದ್ದ. ಒಂದು ಬಣ್ಣ ನೆರೆಯ ಬಣ್ಣದಿಂದ ಬದಲಾಗಿ ಕಾಣುತ್ತದೆಂಬ ಈ ತಿಳಿವಳಿಕೆಯನ್ನು ಸೊರಾ 1884ರಿಂದ 1886ರವರೆಗೆ ಚಿತ್ರಿಸಿದ ಗ್ರಾಂಡ್ ಜಾಟ್ ದ್ವೀಪದ ಭಾನುವಾರದ ದೊಡ್ಡ ಚಿತ್ರದಲ್ಲಿ ಬಳಸಿಕೊಂಡ. ಹತ್ತಿ ಕಡ್ಡಿಯಿಂದ ಹಸಿರು ಜಾಗಕ್ಕೆ ಹಸಿರು ಚುಕ್ಕೆ ಇಡಿಸುವ ತರಗತಿ ಇದರಲ್ಲಿ ಯಾವುದನ್ನೂ ಮುಟ್ಟುವುದಿಲ್ಲ. ಹಸಿರು ಬಣ್ಣವನ್ನೇ ಕೊಡದೆ, ನೀಲಿ ಮತ್ತು ಹಳದಿಯಿಂದ ಹತ್ತು ಅಡಿ ದೂರಕ್ಕೆ ಹಸಿರಾಗಿ ಕಾಣುವ ಹುಲ್ಲನ್ನು ಮಾಡಿ ಎಂದರೆ ವಿದ್ಯಾರ್ಥಿ ಎದ್ದು ಹಿಂದೆ ಸರಿದು ನೋಡಬೇಕಾಗುತ್ತದೆ, ಹಸಿರಿನ ಬದಲು ಬೂದು ಕಂಡರೆ ಕಾರಣ ಹುಡುಕಬೇಕಾಗುತ್ತದೆ. ಕಲಿಕೆ ಆರಂಭವಾಗುವುದು ಅಲ್ಲಿಂದ.

ಎಲ್ಲ ಕಲಾವಿದರ ತೊಡಕೂ ಹೀಗೆ ಮೇಜಿನ ಮೇಲೆ ಇಡಬಹುದಾದದ್ದಲ್ಲ. ಫ್ರಿಡಾ ಕಾಲೋ 1925ರ ಬಸ್ ಅಪಘಾತದ ನಂತರ ಹಾಸಿಗೆ ಹಿಡಿದು, ಮೇಲ್ಕಟ್ಟಿಗೆ ಕಟ್ಟಿಸಿದ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು ಚಿತ್ರಿಸತೊಡಗಿದವಳು. ಆಕೆಯ ನೋವು ಹದಿನೈದರ ವಿದ್ಯಾರ್ಥಿಗೆ ಎರವಲಾಗಿ ದೊರೆಯುವುದಿಲ್ಲ, ದೊರೆಯಬೇಕೆಂದು ಬಯಸುವುದೂ ತಪ್ಪು. ಹಾಗೆಂದು ತಲೆಯ ಮೇಲೊಂದು ಹೂವಿನ ಕಿರೀಟ, ಕೂಡಿದ ಹುಬ್ಬು, ಹೆಗಲಿಗೊಂದು ಗಿಣಿ ಇಟ್ಟು ಮುಗಿಸುವುದು ಆಕೆಯ ಬದುಕಿಗೆ ಮಾಡುವ ಅಗೌರವ. ಕನ್ನಡಿಯನ್ನು ಕೊಟ್ಟು, ಮುಖದ ಸುತ್ತ ತನಗೆ ಸೇರಿದ ವಸ್ತುಗಳನ್ನಷ್ಟೇ ಇರಿಸಿ, ಅವುಗಳಿಂದ ತನ್ನ ಕುರಿತು ಏನಾದರೂ ಹೇಳು ಎಂದು ಕೇಳುವಷ್ಟಕ್ಕೆ ಶಿಕ್ಷಕರು ನಿಲ್ಲಬೇಕು.

ಎರವಲಿನ ಪ್ರಶ್ನೆ ನೈತಿಕ ಪ್ರಶ್ನೆಯೂ ಆಗುವ ಒಂದು ಸಂದರ್ಭವಿದೆ. 1971ರಲ್ಲಿ ಮಧ್ಯ ಆಸ್ಟ್ರೇಲಿಯದ ಪಪುನ್ಯಾ ಎಂಬ ನೆಲೆಯಲ್ಲಿ ಜೆಫ್ರಿ ಬಾರ್ಡನ್ ಎಂಬ ಶಾಲಾ ಶಿಕ್ಷಕ, ಮೂಲನಿವಾಸಿ ಮಕ್ಕಳು ಮರಳಿನ ಮೇಲೆ ಬಿಡಿಸುತ್ತಿದ್ದ ರೂಪಗಳನ್ನು ಗಮನಿಸಿ ಅವುಗಳನ್ನೇ ಚಿತ್ರಿಸಲು ಪ್ರೋತ್ಸಾಹಿಸಿದ. ಬಳಿಕ ಸಮುದಾಯದ ಹಿರಿಯರು ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಪುರಾಣವನ್ನು ಚಿತ್ರಿಸಿದರು, ಮತ್ತು ಅಲ್ಲಿಂದ ಇಂದು ಜಗತ್ತೇ ಬಲ್ಲ ಒಂದು ಕಲಾ ಚಳವಳಿ ಹುಟ್ಟಿತು. ಆ ಕಥೆಗಳಿಗೆ ಒಡೆಯರಿದ್ದಾರೆ. ಯಾವ ಕಥೆಯನ್ನು ಯಾರು ಚಿತ್ರಿಸಬಹುದೆಂಬುದಕ್ಕೆ ಕಟ್ಟುಪಾಡಿದೆ, ಹೊರಗಿನವರು ನೋಡಬಾರದ ಪವಿತ್ರ ವಿವರಗಳನ್ನು ಮರೆಮಾಡಲೂ ಚುಕ್ಕೆಗಳು ಬಳಕೆಯಾದವು. ಬೇರೊಂದು ದೇಶದ ತರಗತಿಯಲ್ಲಿ ಅದೇ ಚುಕ್ಕೆಗಳಿಂದ ಹಲ್ಲಿ, ಆಮೆಗಳನ್ನು ತುಂಬಿಸುವಾಗ ಈ ತಿಳಿವು ಪೂರ್ತಿಯಾಗಿ ಅಳಿಸಿಹೋಗುತ್ತದೆ. ನಮ್ಮಲ್ಲಿ ವಾರ್ಲಿ ಚಿತ್ರಗಳಿಗೆ ಇದೇ ಗತಿ ಬಂದಿದೆ. ಮದುವೆಯ ಸಮಯದಲ್ಲಿ ಮನೆಯ ಗೋಡೆಯ ಮೇಲೆ ಹೆಂಗಸರು ಅಕ್ಕಿ ಹಿಟ್ಟಿನಿಂದ ಬರೆಯುತ್ತಿದ್ದ ಆ ಚಿತ್ರದಿಂದ ಕಡ್ಡಿಯಂಥ ಮನುಷ್ಯರನ್ನಷ್ಟೇ ಕಿತ್ತು ತಂದು ಮಡಕೆ, ಫೈಲು, ಶುಭಾಶಯ ಪತ್ರಗಳ ಮೇಲೆ ಕುಣಿಸಲಾಗುತ್ತಿದೆ. ಮಲೆನಾಡಿನ ದೀವರ ಮನೆಗಳ ಹಸೆ ಚಿತ್ತಾರವೂ ಶಾಲೆಗೆ ಬರುವಾಗ, ಅದನ್ನು ಬರೆಯುವ ಹೆಣ್ಣುಮಕ್ಕಳೇ ಬಂದು, ಕೆಮ್ಮಣ್ಣಿನ ಗೋಡೆಯ ಮೇಲೆ ಬಿಳಿಯ ಗೆರೆಯನ್ನು ನಡುಗದಂತೆ ಎಳೆಯುವುದು ಹೇಗೆಂದು ತೋರಿಸಿದರೆ ವಿದ್ಯಾರ್ಥಿಗಳಿಗೆ ವಿನ್ಯಾಸದ ಜೊತೆಗೆ ಅದರ ಹಿಂದಿನ ಬದುಕೂ ಪರಿಚಯವಾಗುತ್ತದೆ.

ಕಲಾವಿದರ ಆಯ್ಕೆ ಯುರೋಪಿನಲ್ಲೇ ಮುಗಿಯಬೇಕಾಗಿಲ್ಲವೆಂಬುದೂ ಇಲ್ಲಿಯೇ ಹೇಳಬೇಕಾದ ಮಾತು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳು ಹಾಡುವ ರೇಖೆಗಳೆಂದೇ ಹೆಸರಾದವು. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ತರಬೇತಿ ಪಡೆದಿದ್ದರೂ, ಲಯವನ್ನು ದೇಹದಲ್ಲೇ ಅರಿಯಬೇಕೆಂದು ಅವರು ಕಥಕ್ ನೃತ್ಯವನ್ನೂ ಅಭ್ಯಾಸ ಮಾಡಿದ್ದರು. ಹೆಬ್ಬಾರರಿಂದ ಪ್ರೇರಿತವಾದ ಅಭ್ಯಾಸವೆಂದರೆ ಅವರ ನರ್ತಕಿಯನ್ನು ನೋಡಿ ಬಿಡಿಸುವುದಲ್ಲ. ಬಯಲಲ್ಲಿ ಕಬಡ್ಡಿಯಾಡುವ ಗೆಳೆಯರನ್ನೋ ಯಕ್ಷಗಾನದ ಹೆಜ್ಜೆಯನ್ನೋ ನೋಡುತ್ತ, ಅಳಿಸುವ ರಬ್ಬರಿಲ್ಲದೆ, ಅರ್ಧ ನಿಮಿಷದೊಳಗೆ, ಆದಷ್ಟು ಕಡಿಮೆ ಗೆರೆಗಳಲ್ಲಿ ಚಲನೆಯನ್ನು ಹಿಡಿಯಲು ಹೆಣಗುವುದು. ಹಾಗೆ ಐವತ್ತು ಹಾಳೆ ಕೆಡಿಸಿದ ಮೇಲೆ ಹೆಬ್ಬಾರರ ಒಂದು ರೇಖಾಚಿತ್ರವನ್ನು ತೋರಿಸಿದರೆ ವಿದ್ಯಾರ್ಥಿ ಅದನ್ನು ನೋಡುವ ಬಗೆಯೇ ಬೇರೆಯಾಗಿರುತ್ತದೆ. ಕಲಾವಿದನ ಕೃತಿ ಅಭ್ಯಾಸದ ಆರಂಭದಲ್ಲೇ ಬರಬೇಕೆಂಬ ನಿಯಮವೇನಿಲ್ಲ. ಕೆಲವೊಮ್ಮೆ ಅದು ಕೊನೆಯಲ್ಲಿ ಬರುವುದೇ ಮೇಲು.

ಉಳಿದಿರುವುದು ಅಂಕಗಳ ಸಮಸ್ಯೆ. ಇಂಗ್ಲೆಂಡಿನಲ್ಲಿ ಹದಿನಾರರ ವಯಸ್ಸಿಗೆ ಬರೆಯುವ ಜಿಸಿಎಸ್‌ಇ ಪರೀಕ್ಷೆಯ ಕಲಾ ವಿಷಯದಲ್ಲಿ ಶೇಕಡಾ 60 ಅಂಕಗಳು ವರ್ಷಗಳುದ್ದಕ್ಕೂ ಕಟ್ಟಿಕೊಂಡು ಬಂದ ಕೆಲಸದ ಸಂಪುಟಕ್ಕೂ, ಶೇಕಡಾ 40 ಪರೀಕ್ಷಾ ಮಂಡಳಿ ಕೊಡುವ ವಸ್ತುವಿನ ಮೇಲೆ ಸಿದ್ಧತೆ ನಡೆಸಿ ಹತ್ತು ಗಂಟೆಗಳ ಮೇಲ್ವಿಚಾರಣೆಯಲ್ಲಿ ಮಾಡುವ ಕೃತಿಗೂ ಮೀಸಲಾಗಿವೆ. ಇತರ ಕಲಾವಿದರ ಕೃತಿಗಳನ್ನು ವಿಮರ್ಶಾತ್ಮಕವಾಗಿ ಅರಿತು ಅವುಗಳಿಂದ ತನ್ನ ಯೋಚನೆಯನ್ನು ಬೆಳೆಸಿಕೊಂಡದ್ದು ಅಂಕ ನೀಡುವ ನಾಲ್ಕು ಗುರಿಗಳಲ್ಲಿ ಒಂದು. ತತ್ತ್ವದಲ್ಲಿ ಇದು ಸರಿಯಾದ ದಾರಿ, ಏಕೆಂದರೆ ಇಲ್ಲಿ ನೋಡಲಾಗುವುದು ಮುಗಿದ ಚಿತ್ರವನ್ನಷ್ಟೇ ಅಲ್ಲ, ಅದರ ಹಿಂದಿನ ಓಡಾಟವನ್ನೂ. ಆದರೂ ಅಂಕಕ್ಕೊಂದು ಪುಟವೆಂದಾದಾಗ, ಕಲಾವಿದನ ಜನ್ಮ ದಿನಾಂಕ, ಅಂಟಿಸಿದ ಮುದ್ರಿತ ಚಿತ್ರ, ಕೆಳಗೊಂದು ಚಿಕ್ಕ ನಕಲು ಎಂಬ ಸಿದ್ಧ ಅಚ್ಚು ಆ ಪುಟಗಳಿಗೂ ಬಂದುಬಿಡುವ ಅಪಾಯ ತಪ್ಪಿದ್ದಲ್ಲ. ವಾರಕ್ಕೊಂದೋ ಎರಡೋ ಪಿರಿಯಡ್ಡುಗಳಲ್ಲಿ, ಅದೂ ಗಣಿತಕ್ಕೋ ವಿಜ್ಞಾನಕ್ಕೋ ಆಗಾಗ ಬಿಟ್ಟುಕೊಡಬೇಕಾದ ಅವಧಿಯಲ್ಲಿ, ಕಲಿಸುವ ನಮ್ಮ ಚಿತ್ರಕಲಾ ಶಿಕ್ಷಕರಿಗೆ ಅಂಥ ಸಂಪುಟಗಳನ್ನು ತಿದ್ದುವ ಬಿಡುವೂ ಇಲ್ಲ. ಅವರಿಂದ ಅಷ್ಟನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ವಾರ್ಷಿಕೋತ್ಸವದ ಪ್ರದರ್ಶನಕ್ಕೆ ಮೂವತ್ತು ಮಕ್ಕಳ ಮೂವತ್ತು ಒಂದೇ ಬಗೆಯ ನಕ್ಷತ್ರದ ರಾತ್ರಿಗಳನ್ನು ಸಾಲಾಗಿ ತೂಗುಹಾಕುವ ಬದಲು, ಒಂದೇ ಹುಣಸೆ ಮರವನ್ನು ಬಿಡಿಸಿದ ನಾಲ್ಕು ಚಿಕ್ಕ ಹಾಳೆಗಳನ್ನು, ಕೆಟ್ಟದ್ದನ್ನೂ ಸೇರಿಸಿ, ಪ್ರತಿ ವಿದ್ಯಾರ್ಥಿಯ ಹೆಸರಿನಡಿ ಪಕ್ಕಪಕ್ಕದಲ್ಲಿ ಅಂಟಿಸಲು ಹೆಚ್ಚಿನ ಖರ್ಚಾಗಲಿ ಹೆಚ್ಚಿನ ಗೋಡೆಯಾಗಲಿ ಬೇಕಾಗದು.